ಗಾಯವನ್ನು ಮುಚ್ಚಿಡುವುದು ಸಹನೆಯಲ್ಲ
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನ ಅನುಗ್ರಹಗಳನ್ನು ನೆನೆಯುವಾಗ ಮಳೆ, ಬೆಳೆ, ಸಂತಾನ ನಮ್ಮ ನೆನಪಿಗೆ ಬರುತ್ತವೆ. ಮೀನು ಕೊಯ್ಯುವಾಗ ಗಾಯವಾದ ಬೆರಳು ಕೆಲವೇ ದಿನಗಳಲ್ಲಿ ಕೂಡಿಕೊಳ್ಳುವುದೂ ಅನುಗ್ರಹವೇ ಎಂದು ನಾವು ಯೋಚಿಸುವುದು ಕಡಿಮೆ.

ಚರ್ಮ ಸೀಳಿದ ಕೂಡಲೇ ಅಲ್ಲಿನ ರಕ್ತನಾಳಗಳು ಕುಗ್ಗುತ್ತವೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ತೂತನ್ನು ಮುಚ್ಚುತ್ತವೆ. ಫೈಬ್ರಿನ್ ಎಂಬ ನೂಲುಗಳು ಅದರ ಮೇಲೆ ಬಲೆ ಹೆಣೆಯುತ್ತವೆ. ಬಳಿಕ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಂದು, ಸತ್ತ ಭಾಗವನ್ನು ತೆಗೆದು ಶುಚಿಗೊಳಿಸುತ್ತವೆ. ಮೊದಲ ಕೆಲವು ದಿನ ಗಾಯದ ಸುತ್ತ ತುಸು ಕೆಂಪಾಗಿ ಬಾತುಕೊಳ್ಳುವುದು ಇದರಿಂದಲೇ. ನಂತರ ಹೊಸ ಸಣ್ಣ ರಕ್ತನಾಳಗಳು ಚಿಗುರುತ್ತವೆ, ಕೊಲಾಜೆನ್ ತುಂಬಿಕೊಳ್ಳುತ್ತದೆ, ಅಂಚಿನಿಂದ ಹೊಸ ಚರ್ಮ ಹಬ್ಬುತ್ತದೆ. ಮೇಲೆ ಮುಚ್ಚಿದ ಮೇಲೂ ಒಳಗಿನ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ನಡೆಯುತ್ತದೆ. ಆಳವಾದ ಗಾಯದ ಕಲೆ ಮೊದಲಿನ ಚರ್ಮದ ಬಲದಲ್ಲಿ ಹೆಚ್ಚೆಂದರೆ ಶೇ. 80ರಷ್ಟನ್ನು ಮರಳಿ ಪಡೆಯುತ್ತದೆ.

ಹಾಗಾದರೆ ಎಲ್ಲವೂ ತಾನಾಗಿಯೇ ಆಗುತ್ತದೆಂದು ನಾವು ಸುಮ್ಮನಿರಬಹುದೇ?

ಹಿಜ್ರಿ 3ರ ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರ ಮುಖಕ್ಕೆ ಗಾಯವಾಯಿತು. ಅಲೀ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಫಾತಿಮಾ(ರ) ತೊಳೆದರು. ನೀರಿನಿಂದ ರಕ್ತ ಇನ್ನಷ್ಟು ಹರಿಯುವುದನ್ನು ಕಂಡು ಫಾತಿಮಾ(ರ) ಚಾಪೆಯ ತುಂಡೊಂದನ್ನು ಸುಟ್ಟು ಅದರ ಬೂದಿಯನ್ನು ಒತ್ತಿದರು. ರಕ್ತ ನಿಂತಿತು. ನಾವೂ ಇಂದು ಬೂದಿ ಹಚ್ಚಬೇಕೆಂಬುದು ಇದರ ಪಾಠವಲ್ಲ. ಅವರು ಗಾಯವನ್ನು ಕಣ್ಣಿಟ್ಟು ನೋಡಿದರು, ಒಂದು ಉಪಾಯ ಸಾಲದಾದಾಗ ತಮ್ಮ ಕಾಲಕ್ಕೆ ದೊರೆತ ಇನ್ನೊಂದನ್ನು ತಡಮಾಡದೆ ಮಾಡಿದರು. ಅಲ್ಲಾಹನ ಮೇಲಿನ ಭರವಸೆ ಅವರ ಕೈಗಳನ್ನು ಕಟ್ಟಿಹಾಕಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಸಕ್ಕರೆ ಕಾಯಿಲೆಯಿರುವ ಹಿರಿಯರ ಅಂಗಾಲಿನಲ್ಲಿ ಹುಣ್ಣಾಗಿರುತ್ತದೆ. ಮಕ್ಕಳಿಗೆ ಹೊರೆಯಾಗಬಾರದೆಂದು ತಂದೆ ಹೇಳುವುದಿಲ್ಲ. ಖರ್ಚಿಗೆ ಹೆದರಿ ತಾಯಿ ಬಟ್ಟೆ ಸುತ್ತಿಕೊಂಡು ಅಡುಗೆ ಮನೆಯಲ್ಲಿ ಓಡಾಡುತ್ತಾರೆ. ಇದನ್ನು ನಾವು ಸಬ್ರ್ ಎಂದು ಹೊಗಳುತ್ತೇವೆ. ಆದರೆ ಈ ಕಾಯಿಲೆ ಕಾಲಿನ ನರಗಳನ್ನು ಮರಗಟ್ಟಿಸುವುದರಿಂದ ನೋವು ಗೊತ್ತಾಗುವುದಿಲ್ಲ. ರಕ್ತಸಂಚಾರ ಕುಗ್ಗಿ ಬಿಳಿ ರಕ್ತಕಣಗಳ ಶಕ್ತಿಯೂ ಇಳಿಯುತ್ತದೆ. ದುರಸ್ತಿ ಅರ್ಧಕ್ಕೇ ನಿಲ್ಲುತ್ತದೆ. ಬೆರಳು, ಕೆಲವೊಮ್ಮೆ ಪಾದವನ್ನೇ ಕತ್ತರಿಸಬೇಕಾಗುತ್ತದೆ. ದೇಹ ನಮ್ಮಲ್ಲಿರುವ ಅಮಾನತ್. ಚಿಕಿತ್ಸೆ ಮಾಡಿಸಿ, ಗುಣವಾಗಲು ತಗಲುವ ದಿನಗಳನ್ನು ತಾಳಿಕೊಳ್ಳುವುದೇ ಸಬ್ರ್.

ಆದ್ದರಿಂದ ಕೆಲವು ಮಾತುಗಳನ್ನು ಮನೆಗೆ ಒಯ್ಯೋಣ. ಗಾಯವನ್ನು ಶುದ್ಧ ನೀರಿನಲ್ಲಿ ತೊಳೆಯೋಣ. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯೋಣ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗೋಣ. ಕಾಫಿ ಪುಡಿ, ಟೂತ್‌ಪೇಸ್ಟ್, ಹೊಗೆಸೊಪ್ಪು ಹಚ್ಚುವುದು ಬೇಡ. ಹಕ್ಕಳೆಯನ್ನು ಕೀಳುವುದು ಬೇಡ, ಅದರೊಂದಿಗೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಬೀಡಿ, ಸಿಗರೇಟು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಒಣಗುವುದನ್ನು ತಡೆಯುತ್ತವೆ. ಆಳವಾದ ಅಥವಾ ಮಣ್ಣು ಮೆತ್ತಿದ ಗಾಯಕ್ಕೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳೋಣ. ಕೆಂಪು ಹರಡುತ್ತಿದ್ದರೆ, ಕೀವು, ದುರ್ವಾಸನೆ, ಜ್ವರ ಇದ್ದರೆ, ಚರ್ಮ ಕಪ್ಪಾಗಿದ್ದರೆ ಒಂದು ದಿನವೂ ಕಾಯಬಾರದು. ಸಕ್ಕರೆ ಕಾಯಿಲೆಯವರು ಕಾಲಿನ ಸಣ್ಣ ಗಾಯವನ್ನೂ ಬೇಗನೆ ವೈದ್ಯರಿಗೆ ತೋರಿಸಬೇಕು.

ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಪಾದ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಬೆರಳ ಸಂದುಗಳನ್ನು ತೊಳೆಯುವಾಗ ಅಲ್ಲಿ ಬಿರುಕು, ಗುಳ್ಳೆ ಇದೆಯೇ ನೋಡೋಣ, ಬಳಿಕ ಒರೆಸಿ ಒಣಗಿಸೋಣ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೆ ಶರೀಅತ್ ರಿಯಾಯಿತಿ ನೀಡಿದೆ, ಅದರ ಕ್ರಮವನ್ನು ಉಲಮಾಗಳಲ್ಲಿ ಕೇಳಿ ತಿಳಿಯೋಣ. ಬೇಸಿಗೆಯ ಮಧ್ಯಾಹ್ನ ಮಸೀದಿಯ ಅಂಗಳ ಕಾದಿರುತ್ತದೆ. ಮರಗಟ್ಟಿದ ಪಾದಕ್ಕೆ ಆ ಬಿಸಿ ತಿಳಿಯದು. ಅಲ್ಲಿ ಚಾಪೆ ಹಾಸುವುದು ಜಮಾಅತಿನ ಹೊಣೆ.

ಇಂದು ಮನೆಗೆ ಹೋದಾಗ ತಂದೆ ತಾಯಿಯ ಪಾದಗಳನ್ನು ಒಮ್ಮೆ ನಮ್ಮ ಕೈಯಲ್ಲಿ ಹಿಡಿದು ನೋಡೋಣ. ಅವರು ಬೇಡವೆನ್ನಬಹುದು, ಆದರೂ ನೋಡೋಣ.

ರೋಗದಲ್ಲಿರುವ ಎಲ್ಲರಿಗೂ ಅಲ್ಲಾಹನು ಶಿಫಾ ಕರುಣಿಸಲಿ. ಆಮೀನ್.