ಮನೆ ಯಾರ ಹೆಸರಿನಲ್ಲಿ?

(ನಮ್ಮ ಕನ್ನಡ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಪುಣೆಯಲ್ಲಿ ನಾವು ಮನೆ ಕಟ್ಟುವುದಿಲ್ಲ, ಫ್ಲ್ಯಾಟ್ ಬುಕ್ ಮಾಡುತ್ತೇವೆ. ಕಷ್ಟ ಮಾತ್ರ ಅಷ್ಟೇ ಇದೆ. ಇವತ್ತು ಎರಡು ಮನೆಗಳ ಕಥೆ ಹೇಳುತ್ತೇನೆ. ಒಂದು ನನ್ನದು. ಇನ್ನೊಂದು, ಇನ್ನೂ ಸಿಗದ ಮನೆಯದು.

ಮೊದಲು ನನ್ನ ಕಥೆ. ನಾನು ಹುಬ್ಬಳ್ಳಿಯವಳು. ಎಂಟೆಕ್ ಓದಿ, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕೋಡ್‌ನಲ್ಲಿ ಒಂದು ಚುಕ್ಕೆ ತಪ್ಪಿದರೂ ಹುಡುಕಿ ತೆಗೆಯುವುದು ನನ್ನ ಕೆಲಸ. ಆದರೆ 2018ರಲ್ಲಿ ನಾವು ಫ್ಲ್ಯಾಟ್ ಬುಕ್ ಮಾಡಿದಾಗ ನಾನು ನೋಡಿದ್ದು ಸ್ಯಾಂಪಲ್ ಫ್ಲ್ಯಾಟಿನ ಅಡುಗೆಮನೆಯನ್ನು ಮಾತ್ರ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲೇ ಬೆಲೆಯ ಶೇಕಡಾ 20ರಷ್ಟು ಹಣ ಕೊಟ್ಟಿದ್ದೆವು. ಅದರಲ್ಲಿ ಅಮ್ಮ ತಮ್ಮ ನಿವೃತ್ತಿಯ ಹಣದಿಂದ ಕೊಟ್ಟ 5 ಲಕ್ಷವೂ ಇತ್ತು. ಮನೆ ಕೈಗೆ ಬಂದಿದ್ದು ಹೇಳಿದ್ದಕ್ಕಿಂತ ಎರಡು ವರ್ಷ ತಡವಾಗಿ. ಆ ಎರಡು ವರ್ಷ ಬಾಡಿಗೆಯನ್ನೂ ಕಟ್ಟಿದೆವು, ಸಾಲದ ಬಡ್ಡಿಯನ್ನೂ ಕಟ್ಟಿದೆವು. ಅಮ್ಮ ಫೋನ್ ಮಾಡಿದಾಗಲೆಲ್ಲ "ಮನೆ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದರು. ನಾನು ಮಾತು ಬದಲಿಸುತ್ತಿದ್ದೆ.

ಆಮೇಲೆ ಗೊತ್ತಾಯಿತು, ಇದಕ್ಕೆಲ್ಲ ಕಾನೂನು ಆಗಲೇ ಇತ್ತು. 2016ರ ರೇರಾ ಕಾಯಿದೆಯ ಪ್ರಕಾರ, ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬಿಲ್ಡರ್ ಶೇಕಡಾ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವ ಹಾಗಿಲ್ಲ. ಖರೀದಿದಾರರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಗೇ ಮೀಸಲಾದ ಬೇರೆ ಖಾತೆಯಲ್ಲಿ ಇಡಬೇಕು. ತಡವಾದರೆ ಬಡ್ಡಿ ಕೇಳಬಹುದು, ಬೇಡವೆನಿಸಿದರೆ ಹಣ ವಾಪಸ್ ಕೇಳಬಹುದು. ಮನೆ ಕೈಗೆ ಬಂದ ಮೇಲೂ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಮಹಾರೇರಾದ ಜಾಲತಾಣದಲ್ಲಿ ಪ್ರತಿ ಯೋಜನೆಗೂ ಒಂದು ಪುಟವಿದೆ. ಯಾವಾಗ ಮುಗಿಯಬೇಕು, ತಾರೀಖು ಮುಂದೆ ಹೋಗಿದೆಯೇ, ಜಾಗದ ಮೇಲೆ ಸಾಲ ಇದೆಯೇ, ಕೇಸು ಇದೆಯೇ, ಎಲ್ಲ ಅಲ್ಲಿರುತ್ತದೆ. ನಾನು ಆ ಪುಟ ತೆರೆಯಲಿಲ್ಲ. ಹತ್ತು ನಿಮಿಷದ ಕೆಲಸವಾಗಿತ್ತು. ಕೊನೆಗೆ ಮಹಾರೇರಾದ ಸಂಧಾನ ವೇದಿಕೆಗೆ ಹೋಗಿ, ಮಾತುಕತೆಯಲ್ಲಿ ಸ್ವಲ್ಪ ಪರಿಹಾರ ಸಿಕ್ಕಿತು. ಪೂರ್ತಿ ಸಿಗಲಿಲ್ಲ.

ಈಗ ಕೆಲಸ ಇನ್ನೂ ಸುಲಭ. 2023ರ ಆಗಸ್ಟ್‌ನಿಂದ ಬಿಲ್ಡರ್‌ಗಳ ಜಾಹೀರಾತಿನಲ್ಲಿ ಮಹಾರೇರಾದ ಕ್ಯೂಆರ್ ಕೋಡ್ ಇರಲೇಬೇಕು. ಮೊಬೈಲ್ ಹಿಡಿದರೆ ಆ ಪುಟ ತೆರೆದುಕೊಳ್ಳುತ್ತದೆ. ದಯವಿಟ್ಟು ಸ್ಯಾಂಪಲ್ ಫ್ಲ್ಯಾಟ್ ನೋಡುವ ಮೊದಲು ಅದನ್ನು ನೋಡಿ.

ಇನ್ನು ಎರಡನೆಯ ಕಥೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಯಾದಗಿರಿ ಕಡೆಯವರು. ಗಂಡ ಗೌಂಡಿ ಕೆಲಸ ಮಾಡುತ್ತಾರೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು, 18 ವರ್ಷವಾಯಿತು. ನಾನು ನಮ್ಮ ಫ್ಲ್ಯಾಟಿನ ಗೋಳು ಹೇಳಿಕೊಳ್ಳುವಾಗ ಒಂದು ದಿನ ಅವರು ಕೇಳಿದರು: "ಅಕ್ಕೋರ, ಇಷ್ಟ್ ವರ್ಷ ಮಂದಿ ಮನಿ ಕಟ್ಟೀವಿ. ನಮಗೊಂದು ಸಣ್ಣ ಮನಿ ಸಿಗ್ತದೇನ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. ಹುಡುಕೋಣ ಅಂದೆ. ಹುಡುಕುತ್ತಾ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲನೆಯದು ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ವಸತಿ ಪ್ರಾಧಿಕಾರ. ಇದರ ಪುಣೆ ಮಂಡಳಿ ಲಾಟರಿ ಮೂಲಕ ಮನೆ ಹಂಚುತ್ತದೆ. ಮ್ಹಾಡಾ ತಾನೇ ಕಟ್ಟಿದ ಮನೆಗಳಷ್ಟೇ ಅಲ್ಲ, ದೊಡ್ಡ ಖಾಸಗಿ ಯೋಜನೆಗಳಲ್ಲಿ ಕಡಿಮೆ ಆದಾಯದವರಿಗೆಂದು ಮೀಸಲಿಡಬೇಕಾದ ಶೇಕಡಾ 20ರ ಮನೆಗಳೂ ಇದರಲ್ಲಿ ಬರುತ್ತವೆ. ಪುಣೆ ಮಹಾನಗರ ಪ್ರದೇಶದಲ್ಲಿ ಗಂಡ ಹೆಂಡತಿಯ ಒಟ್ಟು ವಾರ್ಷಿಕ ಆದಾಯ 6 ಲಕ್ಷದವರೆಗಿದ್ದರೆ ಅತ್ಯಲ್ಪ ಆದಾಯದ ಗುಂಪು, 9 ಲಕ್ಷದವರೆಗೆ ಅಲ್ಪ ಆದಾಯದ ಗುಂಪು, 12 ಲಕ್ಷದವರೆಗೆ ಮಧ್ಯಮ ಗುಂಪು. ಅಂದರೆ ಇಲ್ಲಿ ಕೂತಿರುವ ಅನೇಕರ ಮಕ್ಕಳು, ಈಗಷ್ಟೇ ಕೆಲಸಕ್ಕೆ ಸೇರಿದವರು, ಇದಕ್ಕೆ ಅರ್ಹರು. ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ಠೇವಣಿ ಕಟ್ಟಬೇಕು, ಹೆಸರು ಬರದಿದ್ದರೆ ಅದು ವಾಪಸ್ ಬರುತ್ತದೆ. ಮ್ಹಾಡಾಕ್ಕೆ ಏಜೆಂಟರು ಇಲ್ಲ. "ನಾನು ಮಾಡಿಸಿಕೊಡುತ್ತೇನೆ" ಅಂತ ಯಾರಾದರೂ ಹಣ ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ.

ನಾನು ಖುಷಿಯಿಂದ ಅಕ್ಕನ ಅರ್ಜಿ ತುಂಬಲು ಕೂತೆ. ಡೊಮಿಸೈಲ್ ಸರ್ಟಿಫಿಕೇಟ್ ಹತ್ತಿರ ಬಂದು ನಿಂತುಬಿಟ್ಟಿತು. ಅದು ಸಿಗಬೇಕಾದರೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದುದಕ್ಕೆ ದಾಖಲೆ ಬೇಕು. ಅಕ್ಕ ಇಲ್ಲಿ 18 ವರ್ಷ ಇದ್ದಾರೆ. ಆದರೆ ಮೊದಲ ವರ್ಷಗಳೆಲ್ಲ ಕಟ್ಟಡ ಏಳುತ್ತಿದ್ದ ಜಾಗದ ತಗಡಿನ ಶೆಡ್ಡಿನಲ್ಲಿ ಕಳೆದವು. ಒಂದು ಕಟ್ಟಡ ಮುಗಿದರೆ ಇನ್ನೊಂದು ಶೆಡ್ಡು. ಶೆಡ್ಡಿಗೆ ಕರೆಂಟ್ ಬಿಲ್ ಇಲ್ಲ, ಬಾಡಿಗೆ ಕರಾರು ಇಲ್ಲ. ರೇಷನ್ ಕಾರ್ಡ್ ಊರಲ್ಲೇ ಉಳಿದಿತ್ತು. ನಾವಿಬ್ಬರೂ ಒಂದು ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ ವರ್ಷ ಎಣಿಸಿದೆವು. ಮತದಾರರ ಚೀಟಿಯಿಂದ ಹಿಡಿದು ಎಷ್ಟು ಎಣಿಸಿದರೂ 11 ವರ್ಷವೇ ಆಯಿತು. ಉಳಿದ 7 ವರ್ಷ ಅವರು ಪುಣೆಯಲ್ಲಿ ಇದ್ದರು ಅನ್ನುವುದಕ್ಕೆ ಅವರು ಇಟ್ಟಿಗೆ ಹೊತ್ತ ಕಟ್ಟಡಗಳೇ ಸಾಕ್ಷಿ. ಆ ಸಾಕ್ಷಿ ತಹಶೀಲ್ದಾರ್ ಕಚೇರಿಯಲ್ಲಿ ನಡೆಯುವುದಿಲ್ಲ.

ಅಕ್ಕ ಸುಮ್ಮನೆ ಕಾಗದ ಮಡಚಿ ಚೀಲಕ್ಕೆ ಹಾಕಿದರು. "ಇರ್ಲಿ ಬಿಡ್ರಿ ಅಕ್ಕೋರ, ಇನ್ನಾ ನಾಕ್ ವರ್ಷ ತಾನೆ," ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಎರಡನೆಯ ದಾರಿ ನೋಡಿದೆವು. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0. ಇದು 2024ರ ಸೆಪ್ಟೆಂಬರ್ 1ರಿಂದ ಶುರುವಾಯಿತು. ಇದರಲ್ಲಿ ಬಡ್ಡಿ ಸಹಾಯಧನದ ಒಂದು ಭಾಗವಿದೆ. ವಾರ್ಷಿಕ ಆದಾಯ 9 ಲಕ್ಷದವರೆಗಿನ ಕುಟುಂಬಕ್ಕೆ, 35 ಲಕ್ಷದವರೆಗಿನ ಮನೆಗೆ, 25 ಲಕ್ಷದವರೆಗಿನ ಸಾಲಕ್ಕೆ ಇದು ಅನ್ವಯ. ಸಾಲದ ಮೊದಲ 8 ಲಕ್ಷಕ್ಕೆ ಶೇಕಡಾ 4ರಷ್ಟು ಬಡ್ಡಿ ಸಹಾಯ. ಹೆಚ್ಚೆಂದರೆ 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಬರುತ್ತದೆ. ಇದಕ್ಕೆ 15 ವರ್ಷದ ಲೆಕ್ಕವಿಲ್ಲ. ಆದರೆ ದೇಶದಲ್ಲಿ ಎಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಊರಲ್ಲಿ ಆರ್‌ಸಿಸಿ ಮನೆ ನಿಮ್ಮ ಯಜಮಾನರ ಹೆಸರಿಗೆ ಬಂದಿದ್ದರೆ ಈ ಸಹಾಯ ಸಿಗುವುದಿಲ್ಲ. ಅಕ್ಕನ ಊರಲ್ಲಿರುವುದು ಮಾವನ ಹೆಸರಿನ ಮಣ್ಣಿನ ಮನೆ, ಅದು ಅಡ್ಡ ಬರಲಿಲ್ಲ.

ಇಲ್ಲಿ ಒಂದು ಮುಖ್ಯ ಮಾತು. ಈ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಿನಲ್ಲಿ ಇರಬೇಕು, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಮಹಾರಾಷ್ಟ್ರದಲ್ಲಿ ಇನ್ನೊಂದು ಅನುಕೂಲವಿದೆ. 2021ರ ಏಪ್ರಿಲ್‌ನಿಂದ, ವಾಸದ ಮನೆಯನ್ನು ಹೆಂಗಸಿನ ಹೆಸರಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1 ರಿಯಾಯಿತಿ. ಪುಣೆ ನಗರದಲ್ಲಿ ಶೇಕಡಾ 7 ಇರುವುದು 6 ಆಗುತ್ತದೆ. 30 ಲಕ್ಷದ ಮನೆಗೆ 30,000 ರೂಪಾಯಿ ಉಳಿತಾಯ. ಆದರೆ ಗಂಡನ ಹೆಸರು ಜೊತೆಗೆ ಸೇರಿಸಿದರೆ ಈ ರಿಯಾಯಿತಿ ಇಲ್ಲ. ಸಾಲಕ್ಕೆ ಅವರು ಸಹ ಅರ್ಜಿದಾರರಾಗಿ ಸಹಿ ಹಾಕಬಹುದು, ಅದಕ್ಕಾಗಿ ಮನೆಯ ಮಾಲೀಕತ್ವದಲ್ಲಿ ಅವರ ಹೆಸರು ಇರಲೇಬೇಕೆಂದಿಲ್ಲ. ಇದನ್ನು ಕೊನೆಯ ದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತಾಡುವುದಲ್ಲ. ಮನೆಯಲ್ಲಿ ಕೂತು, ಮೊದಲೇ, ಸಮಾಧಾನವಾಗಿ ಮಾತಾಡಬೇಕು.

ಅಕ್ಕನಿಗೆ ಮಾರ್ಗ ತೆರೆಯಿತು ಅಂದುಕೊಂಡೆವು. ಬ್ಯಾಂಕಿನವರು ಕೇಳಿದರು: "ಇವರ ಆದಾಯಕ್ಕೆ ದಾಖಲೆ ಏನು?" ಅಕ್ಕ ಐದು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಐದೂ ಮನೆಯವರು ಕೈಗೆ ನೋಟು ಕೊಡುತ್ತಿದ್ದೆವು. ಐದರಲ್ಲಿ ಒಂದು ನನ್ನ ಮನೆ. ಅವರ ಆದಾಯ ಕಾಗದದ ಮೇಲೆ ಸೊನ್ನೆಯಾಗಲು ನಾನೂ ಕಾರಣ ಅಂತ ಆಗ ತಿಳಿಯಿತು.

ಅಕ್ಕತಂಗಿಯರೇ, ಯೋಜನೆಗಳು ಇವೆ. ಅವು ಕೇಳುವುದು ಕಾಗದವನ್ನು. ಮನೆ ಹುಡುಕುವ ಮೊದಲು ನಿಮ್ಮ ಹೆಸರಿನ ಕಾಗದ ಕೂಡಿಸಿ. ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಮದುವೆಗೆ ಮುಂಚಿನ ಹೆಸರು ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ ಇರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! 15 ವರ್ಷ ಆಗಿರುವವರು 'ಆಪಲೆ ಸರ್ಕಾರ್' ಜಾಲತಾಣದಲ್ಲೋ ಸೇತು ಕೇಂದ್ರದಲ್ಲೋ ಡೊಮಿಸೈಲ್‌ಗೆ ಈಗಲೇ ಅರ್ಜಿ ಹಾಕಿ, ಲಾಟರಿ ಪ್ರಕಟವಾಗುವವರೆಗೆ ಕಾಯಬೇಡಿ.

ಇನ್ನೆರಡು ವಿನಂತಿ. ಮನೆಗೆಲಸದವರ ಸಂಬಳವನ್ನು ಅವರ ಸ್ವಂತ ಖಾತೆಗೆ ಹಾಕಿ. ಮನೆ ಬಾಡಿಗೆಗೆ ಕೊಟ್ಟಿರುವವರು ಕರಾರು ನೋಂದಾಯಿಸಿ, ಅದರ ಒಂದು ಪ್ರತಿಯನ್ನು ಬಾಡಿಗೆದಾರರಿಗೆ ಕೊಡಿ. ಮಹಾರಾಷ್ಟ್ರದ ಕಾನೂನಿನಲ್ಲಿ ಅದು ಮಾಲೀಕರದ್ದೇ ಜವಾಬ್ದಾರಿ. ನಮಗೆ ಅದು ಒಂದು ಕಾಗದ. ಅವರಿಗೆ 15 ವರ್ಷದಲ್ಲಿ ಒಂದು ವರ್ಷ.

ಅಕ್ಕನಿಗೆ ಮನೆ ಇನ್ನೂ ಸಿಕ್ಕಿಲ್ಲ. ಕಳೆದ ಎಂಟು ತಿಂಗಳಿಂದ ಐದೂ ಮನೆಯ ಸಂಬಳ ಅವರ ಖಾತೆಗೇ ಹೋಗುತ್ತಿದೆ. ಒಂದು ವರ್ಷದ ದಾಖಲೆ ತೆಗೆದುಕೊಂಡು ಬನ್ನಿ ಅಂತ ಬ್ಯಾಂಕಿನವರು ಹೇಳಿದ್ದಾರೆ. ಪ್ಲಾಸ್ಟಿಕ್ ಚೀಲದ ಬದಲು ಅವರ ಮಗಳು ಈಗ ಒಂದು ಫೈಲ್ ಮಾಡಿದ್ದಾಳೆ. ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿದ್ದಾಳೆ: "ಅವ್ವನ ಮನಿ."

ಯಾರಿಗಾದರೂ ಅರ್ಜಿ ತುಂಬಲು, ಮಹಾರೇರಾ ಪುಟ ನೋಡಲು ಸಹಾಯ ಬೇಕಿದ್ದರೆ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ. ಲ್ಯಾಪ್‌ಟಾಪ್ ತಂದಿದ್ದೇನೆ.