ಎರಡಾಣೆ ಪಿಗ್ಮಿಯಿಂದ ಸೌರದೀಪದವರೆಗೆ



ಸಾಮಾಜಿಕ ಉದ್ಯಮಶೀಲತೆ ಈಚೆಗೆ ಮ್ಯಾನೇಜ್‌ಮೆಂಟ್ ಕಾಲೇಜುಗಳಿಂದ ಬಂದ ವಿಷಯ ಎಂದು ಹಲವರು ತಿಳಿದಿದ್ದಾರೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ನೂರು ವರ್ಷದ ಚರಿತ್ರೆಯಿದೆ. ಕೈಮಗ್ಗ ಸೊರಗಿ ನೇಕಾರರು ಕಂಗೆಟ್ಟಿದ್ದ ಕಾಲ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದರು.

ಈ ಯೋಜನೆಯ ಹಿಂದಿನ ತಿಳಿವಳಿಕೆ ದೊಡ್ಡದು. ಕೂಲಿಯವರ, ಮೀನು ಮಾರುವವರ, ಬೀದಿಬದಿ ವ್ಯಾಪಾರಿಗಳ ಕೈಗೆ ಹಣ ಬರುವುದು ದಿನದಿನ, ಖರ್ಚಾಗುವುದೂ ದಿನದಿನ. ತಿಂಗಳ ಕೊನೆಗೆ ಅವರ ಕೈಯಲ್ಲಿ ಉಳಿಯುವುದಿಲ್ಲ. ಅವರು ಬ್ಯಾಂಕಿನ ನಿಯಮಕ್ಕೆ ಒಗ್ಗಲಿ ಎನ್ನುವ ಬದಲು ಬ್ಯಾಂಕೇ ಅವರ ದುಡಿಮೆಯ ಲಯಕ್ಕೆ ಒಗ್ಗಿತು. ನನ್ನ ಮಟ್ಟಿಗೆ ಸಾಮಾಜಿಕ ಉದ್ಯಮದ ತಿರುಳು ಇದೇ. ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು ಸರ್ಕಾರದ್ದಾಯಿತು. 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಪಿಗ್ಮಿ ಕಟ್ಟುವ ರೂಢಿ ಮಾತ್ರ ನಮ್ಮ ಸಹಕಾರಿ ಸೊಸೈಟಿಗಳಲ್ಲಿ ಇಂದಿಗೂ ಇದೆ.

ಇದೇ ತಿಳಿವಳಿಕೆಯನ್ನು ಸೆಲ್ಕೋ ಎಂಬ ಸೌರದೀಪ ಕಂಪನಿ ಬೆಳಕಿಗೆ ಅನ್ವಯಿಸಿತು. ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಈ ಖಾಸಗಿ ಕಂಪನಿಯನ್ನು ಆರಂಭಿಸಿದರು. ಸೌರದೀಪ ಶ್ರೀಮಂತರ ವಸ್ತು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಹಂದೆಯವರು ಮತ್ತೆ ಮತ್ತೆ ನೆನೆಯುವ ಒಂದು ಅನುಭವವಿದೆ. ತಿಂಗಳಿಗೆ 300 ರೂಪಾಯಿ ಕಟ್ಟಲು ತನ್ನಿಂದಾಗದು, ದಿನಕ್ಕೆ 10 ರೂಪಾಯಿ ಆದೀತು ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದರಂತೆ. ಲೆಕ್ಕ ಎರಡೂ ಒಂದೇ. ಬದುಕಿಗೆ ಮಾತ್ರ ಅವು ಬೇರೆ ಬೇರೆ. ಎರಡಾಣೆಯ ಪಾಠವೇ ಇಲ್ಲಿ ಮರಳಿ ಕೇಳಿಸುತ್ತದೆ.

ಆದರೆ ಕಂಪನಿಯೊಂದೇ ಇದನ್ನು ಸಾಧಿಸಲಾರದು. ಸಾಲ ಕೊಡಲು ಬ್ಯಾಂಕು ಬೇಕು. ಆದಾಯ ತಾರದ ದೀಪಕ್ಕೆ ಸಾಲ ಹೇಗೆ ಕೊಡುವುದು ಎಂದು ಬ್ಯಾಂಕುಗಳು ಹಿಂಜರಿಯುತ್ತಿದ್ದವು. ಬೆಳಕಿದ್ದರೆ ಹೊಲಿಗೆ, ಬೀಡಿ ಕಟ್ಟುವುದು, ರೇಷ್ಮೆ ಸಾಕಣೆ ಕತ್ತಲಾದ ಮೇಲೂ ನಡೆಯುತ್ತವೆ ಎಂದು ಮನವರಿಕೆ ಮಾಡಿಕೊಡಬೇಕಾಯಿತು. ಗ್ರಾಮೀಣ ಬ್ಯಾಂಕುಗಳೂ ಸಹಕಾರ ಸಂಘಗಳೂ ಮುಂದೆ ಬಂದವು. ದೀಪ ಕೆಟ್ಟರೆ ಬಂದು ರಿಪೇರಿ ಮಾಡುವ ತಂತ್ರಜ್ಞರನ್ನು ಕಂಪನಿ ಊರುಗಳ ಹತ್ತಿರವೇ ಇಟ್ಟಿತು. ಜರ್ಮನಿಯಲ್ಲಿ ಬೇಡಿಕೆ ಏರಿ ಸೌರಫಲಕಗಳ ಬೆಲೆ ಹೆಚ್ಚಿದಾಗ ಸೆಲ್ಕೋ ನಷ್ಟಕ್ಕೂ ಸಿಲುಕಿತು. ಆತುರದ ಲಾಭ ಕೇಳದ ಬಂಡವಾಳ ಇಂಥ ಕೆಲಸಕ್ಕೆ ಎಷ್ಟು ಅಗತ್ಯ ಎಂಬುದು ಆಗ ಸ್ಪಷ್ಟವಾಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇನ್ನು ಸಹಕಾರ ಸಂಘಗಳ ಸದಸ್ಯರ ಆರೋಗ್ಯ ವಿಮಾ ಯೋಜನೆ ಯಶಸ್ವಿನಿ. ಹೃದಯ ಶಸ್ತ್ರಚಿಕಿತ್ಸಾ ತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆ, ರಾಜ್ಯ ಸರ್ಕಾರದ ಸಹಕಾರ ಇಲಾಖೆಯ ಬೆಂಬಲ. 2003ರಲ್ಲಿ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯ ರೈತ ಕಟ್ಟಬೇಕಾದದ್ದು ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ವಿಮಾ ಕಂಪನಿಗಳಿಗೆ ಹಳ್ಳಿಹಳ್ಳಿ ಸುತ್ತಿ ಕಂತು ಸಂಗ್ರಹಿಸುವುದು ದುಬಾರಿ. ಇಲ್ಲಿ ಹಾಲಿನ ಸೊಸೈಟಿ, ಸೇವಾ ಸಹಕಾರ ಸಂಘ ಆಗಲೇ ಇದ್ದವು. ರೈತರ ನಂಬಿಕೆಯೂ ಅಲ್ಲಿತ್ತು. ಖಾಸಗಿ ಆಸ್ಪತ್ರೆಗಳು ನಿಗದಿತ ದರಕ್ಕೆ ಶಸ್ತ್ರಚಿಕಿತ್ಸೆ ಮಾಡಲು ಒಪ್ಪಿದವು, ಸರ್ಕಾರ ತನ್ನ ಪಾಲು ಸೇರಿಸಿತು. 2018ರಲ್ಲಿ ಯೋಜನೆಯನ್ನು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. 2022ರಲ್ಲಿ ಸರ್ಕಾರ ಅದನ್ನು ಮತ್ತೆ ಪ್ರತ್ಯೇಕವಾಗಿ ಪ್ರಕಟಿಸಬೇಕಾಯಿತು.

ಹಾಗೆಂದು ಎಲ್ಲ ಸೇವೆಗೂ ಬಡವರಿಂದ ಕಂತು ಕಟ್ಟಿಸಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಕುಷ್ಠರೋಗ ನಿವಾರಣೆಗಾಗಿ ಯಳಂದೂರು ತಾಲ್ಲೂಕಿನಲ್ಲಿ 1986ರಲ್ಲಿ ಆರಂಭವಾಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಹೊತ್ತಿತು. ಕಟ್ಟಡ, ಅನುದಾನ ಸರ್ಕಾರದ್ದು, ನಿರ್ವಹಣೆ ಟ್ರಸ್ಟಿನದು, ರೋಗಿಗೆ ಸೇವೆ ಉಚಿತ. ಈ ಮಾದರಿ ಅರುಣಾಚಲ ಪ್ರದೇಶದವರೆಗೂ ಹೋಯಿತು.

ಸೆಲ್ಕೋ, ಯಶಸ್ವಿನಿ, ಕರುಣಾ ಟ್ರಸ್ಟ್ ಈ ಮೂರು ಕಡೆ ಕೆಲಸ ಹಂಚಿಕೊಂಡ ಬಗೆ ನೋಡಿ. ಕಂಪನಿಯಿಂದ ಚುರುಕು ಬಂತು, ದಿನವೂ ಬಾಗಿಲಿಗೆ ಹೋಗಿ ಉತ್ತರ ಹೇಳುವ ಶಿಸ್ತು ಬಂತು. ಸ್ವಯಂಸೇವಾ ಸಂಸ್ಥೆಯಿಂದ ಜನರ ನಡುವೆ ನೆಲೆಸುವ ಮನಸ್ಸು ಬಂತು. ಆದರೆ ಲಕ್ಷಗಟ್ಟಲೆ ಜನರನ್ನು ಮುಟ್ಟುವ ವಿಸ್ತಾರವೂ ಹಕ್ಕಿನ ಖಾತರಿಯೂ ಸರ್ಕಾರಕ್ಕೆ ಮಾತ್ರ ಸಾಧ್ಯ. ಟ್ರಸ್ಟಿದೆ, ಕಂಪನಿಯಿದೆ ಎಂದು ಸರ್ಕಾರ ಕೈ ತೊಳೆದುಕೊಳ್ಳುವುದನ್ನು ನಾವು ಒಪ್ಪಬಾರದು. ಸಹಭಾಗಿತ್ವದ ಹೆಸರಿನಲ್ಲಿ ಯಾವುದೇ ಯೋಜನೆ ಬಂದರೂ ಮೂರು ಪ್ರಶ್ನೆ ಕೇಳಬೇಕು: ಹಣ ಯಾರದು? ತಪ್ಪಾದರೆ ಹೊಣೆ ಯಾರದು? ಉಳಿತಾಯದ ಲಾಭ ಯಾರಿಗೆ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಅದರಲ್ಲಿ ಸಾಮಾಜಿಕವಾದದ್ದು ಏನೂ ಇಲ್ಲ.

ಸಮಾಜಕ್ಕಾಗಿ ಉದ್ಯಮ ಕಟ್ಟಬೇಕೆಂಬ ಯುವಕ ಯುವತಿಯರು ಈ ಸಭೆಯಲ್ಲಿದ್ದೀರಿ. ಆ್ಯಪ್ ರೂಪಿಸುವ ಮೊದಲು ನಿಮ್ಮೂರಿನ ಸಹಕಾರ ಸಂಘಕ್ಕೆ, ಆರೋಗ್ಯ ಕೇಂದ್ರಕ್ಕೆ, ಸಂತೆಗೆ ಹೋಗಿ. ಜನರ ಕೈಗೆ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕೇಳಿ ತಿಳಿಯಿರಿ. ಹಿರಿಯರು ಸೊಸೈಟಿಯ ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಿ, ಲೆಕ್ಕ ಕೇಳಿ, ಹೊಸಬರಿಗೆ ಅಲ್ಲಿ ಜಾಗ ಮಾಡಿಕೊಡಿ. ನಮ್ಮ ಊರುಗಳಲ್ಲಿ ಈಗಾಗಲೇ ಇರುವ ಸಂಸ್ಥೆಗಳನ್ನು ಗಟ್ಟಿ ಮಾಡುವುದೇ ಈ ಕೆಲಸದ ಮೊದಲ ಹೆಜ್ಜೆ ಎಂದು ನಂಬಿದ್ದೇನೆ.