ಕ್ಯಾಮರಾದ ಕಣ್ಣು, ಪೋಲೀಸರ ಕಿವಿ



ಕುಷಾಯಿಗೂಡದಿಂದ ಇ.ಸಿ.ಐ.ಎಲ್. ಚೌರಸ್ತೆಯ ಕಡೆಗೆ ದಿನವೂ ಓಡಾಡುವ ನಮಗೆ ಸಂಚಾರ ಪೋಲೀಸರು ಅಪರಿಚಿತರಲ್ಲ. ಹಿಂದೆ ಅವರ ಕೈಯಲ್ಲಿ ರಸೀದಿ ಪುಸ್ತಕವಿರುತ್ತಿತ್ತು. ಈಗ ಕ್ಯಾಮರಾ ಇದೆ. ಹೆಲ್ಮೆಟ್ಟಿಲ್ಲದ ಸವಾರನನ್ನು ತಡೆದು ನಿಲ್ಲಿಸಬೇಕಾಗಿಲ್ಲ. ಗಾಡಿಯ ಚಿತ್ರ ಹಿಡಿದರೆ ಸಾಕು, ದಂಡದ ಚಲನ್ ಫೋನಿಗೆ ಬರುತ್ತದೆ. ಕಂಬದ ಮೇಲಿನ ಕ್ಯಾಮರಾವೂ ಇದಕ್ಕೆ ಜೊತೆಯಾಗಿದೆ.

ಇದರಿಂದ ಲಾಭವುಂಟು. ನಡುಬೀದಿಯ ವಾಗ್ವಾದಕ್ಕೂ ಕೈಗೆ ಕಾಸು ದಾಟಿಸುವುದಕ್ಕೂ ಆಸ್ಪದ ಕಡಿಮೆ. ತೆಲುಗು ಬಾರದ ಹೊಸಬರಿಗೂ ಊರಿನ ಹಳಬರಿಗೂ ಒಂದೇ ಅಳತೆ. ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತ ನಾವು ಬಲ್ಲೆವು: ತಲೆಯ ಮೇಲಿನ ಕ್ಯಾಮರಾ ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕನನ್ನು ಕಾಯುತ್ತದೆ. ಸುಳ್ಳು ದೂರು ಬಂದ ದಿನ ಅದೇ ಅವನ ಸಾಕ್ಷಿ. ಎದೆಯ ಮೇಲೆ ಕ್ಯಾಮರಾ ಧರಿಸಿದ ಪೋಲೀಸರಿಗೂ ಹಾಗೆಯೇ.

ಆದರೆ ಚಿತ್ರಕ್ಕೆ ಕಿವಿಯಿಲ್ಲ. ಹೆರಿಗೆ ನೋವಿನ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುವವನು ಅವಸರದಲ್ಲಿ ಹೆಲ್ಮೆಟ್ ಮರೆತರೆ, ಅವನ ಅಹವಾಲನ್ನು ಪೋಲೀಸರು ಕೇಳಬಲ್ಲರು, ಚಿತ್ರ ಕೇಳದು. ಚಿತ್ರ ಹಿಡಿಯುವುದೇ ಕೆಲಸವೆಂದಾದರೆ, ಆಂಬುಲೆನ್ಸಿಗೆ ದಾರಿ ಬಿಡಿಸಿದ್ದು, ಮಕ್ಕಳನ್ನು ರಸ್ತೆ ದಾಟಿಸಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಇತ್ತ ಚಲನ್‌ಗಳು ರಾಶಿ ಬಿದ್ದು, ತೆಲಂಗಾಣದಲ್ಲಿ ದ್ವಿಚಕ್ರ ವಾಹನಗಳಿಗೆ 2022ರ ಮಾರ್ಚಿನಲ್ಲಿ ನೂರಕ್ಕೆ 75ರಷ್ಟು, 2023ರ ಡಿಸೆಂಬರಿನಲ್ಲಿ 80ರಷ್ಟು ರಿಯಾಯಿತಿ ಕೊಡಬೇಕಾಯಿತು. ವಸೂಲಾಗದ ದಂಡ ಬ್ಯಾಂಕಿನ ವಸೂಲಾಗದ ಸಾಲದಂತೆ: ಪುಸ್ತಕದಲ್ಲಿ ದೊಡ್ಡ ಮೊತ್ತ, ಕೈಯಲ್ಲಿ ಅಲ್ಪ. ರಿಯಾಯಿತಿಗಾಗಿ ಕಾದು ಕೂಡುವವರಿಗೆ ದಂಡದ ಭಯವೆಲ್ಲಿ?

ನಮ್ಮವರಿಗೆ ಇನ್ನೊಂದು ಮಾತು. ಬೀದರಿನ ಕೆಎ 38, ರಾಯಚೂರಿನ ಕೆಎ 36 ನೋಂದಣಿಯ ಗಾಡಿಗಳನ್ನು ಇಲ್ಲಿ ಓಡಿಸುವವರು ನಮ್ಮಲ್ಲಿದ್ದಾರೆ. ನೋಂದಣಿಯಲ್ಲಿ ಹಳೆಯ ವಿಳಾಸ, ಹಳೆಯ ಫೋನ್ ಸಂಖ್ಯೆಯೇ ಉಳಿದಿದ್ದರೆ ಚಲನ್ ಬಂದ ಸುದ್ದಿ ಮುಟ್ಟುವುದಿಲ್ಲ. ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳುಹಿಸಬೇಕೆಂದು 2021ರ ಆಗಸ್ಟಿನ ಕೇಂದ್ರ ನಿಯಮ ವಿಧಿಸಿತು. ಅದು ತಲಪುವಂತೆ ವಿಳಾಸವನ್ನು ಸರಿಪಡಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಚಲನ್ ಬಂದರೆ ಮೊದಲು ಚಿತ್ರವನ್ನು ನೋಡಿರಿ. ಗಾಡಿ ತಮ್ಮದಾಗಿದ್ದರೆ ದಂಡ ಕಟ್ಟಿರಿ. ಅಲ್ಲವಾದರೆ ಆಕ್ಷೇಪಣೆ ಸಲ್ಲಿಸಿರಿ, ಸುಮ್ಮನಿರಬೇಡಿರಿ.

ಕ್ಯಾಮರಾ ಬೇಡವೆಂಬುದು ನಮ್ಮ ವಾದವಲ್ಲ. ಕೂಡುರಸ್ತೆಯಲ್ಲಿ ನೋಡುವ ಯಂತ್ರ ಇರಲಿ. ಅದರ ಪಕ್ಕದಲ್ಲಿ ಮಾತು ಕೇಳುವ ಮನುಷ್ಯರೂ ಇರಲಿ.